ಜಾಂಗೋ ಮೈಗ್ರೇಷನ್ ವಾಪಸ್ ಪಡೆಯುವುದು: ಡೇಟಾ ಕೈತಪ್ಪದಂತೆ ಹಿಂದಕ್ಕೆ ಹೋಗುವ ಕ್ರಮ

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೋದಲ್ಲಿ ಮೈಗ್ರೇಷನ್ ಎಂದರೆ ಡೇಟಾಬೇಸ್‌ನ ಬದಲಾವಣೆಯನ್ನು ಬರೆದಿಟ್ಟ ಫೈಲ್. ಅದನ್ನು ವಾಪಸ್ ಪಡೆಯಲು ಒಂದೇ ಸಾಲಿನ ಕಮಾಂಡ್ ಸಾಕು. ಆ ಕಮಾಂಡ್ ಟೇಬಲ್‌ನ ರಚನೆಯನ್ನು ಹಳೆಯ ರೂಪಕ್ಕೆ ತರುತ್ತದೆ, ಅಷ್ಟೇ. ಅಳಿಸಿದ ಕಾಲಮ್ ಮತ್ತೆ ಹುಟ್ಟುತ್ತದೆ, ಅದರೊಳಗಿದ್ದ ಮಾಹಿತಿ ಹುಟ್ಟುವುದಿಲ್ಲ. ಹೀಗಾಗಿ ವಾಪಸಾತಿಯ ಮುಕ್ಕಾಲು ಕೆಲಸವನ್ನು ಮುಂದಕ್ಕೆ ಹೋಗುವ ಮೈಗ್ರೇಷನ್ ಬರೆಯುವಾಗಲೇ ಮಾಡಿಟ್ಟಿರಬೇಕು. ಮಾಡಿಡದಿದ್ದರೆ ಏನು ಉಳಿಸಿಕೊಳ್ಳಬಹುದು ಎಂಬುದನ್ನೂ ಮುಂದೆ ನೋಡೋಣ.

ಇಲ್ಲಿನ ಉದಾಹರಣೆಗಳೆಲ್ಲ ಜಾಂಗೋ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೋಡಿಯವು. ಮೈಎಸ್‌ಕ್ಯೂಎಲ್ ಡೇಟಾಬೇಸ್ ಬೇರೆ ರೀತಿ ನಡೆದುಕೊಳ್ಳುವ ಕಡೆ ಅದನ್ನು ಹೇಳಿದೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಉದಾಹರಣೆ

ಕಸ್ಟಮರ್ಸ್ ಎಂಬ ಆ್ಯಪ್ ಇದೆ ಎನ್ನಿ. ಗ್ರಾಹಕರ ಟೇಬಲ್‌ನಲ್ಲಿ ಪೂರ್ತಿ ವಿಳಾಸ ಅಡ್ರೆಸ್ ಎಂಬ ಒಂದೇ ಕಾಲಮ್‌ನಲ್ಲಿದೆ. ಅದನ್ನು ಒಡೆದು ಸ್ಟ್ರೀಟ್ ಮತ್ತು ಪಿನ್‌ಕೋಡ್ ಎಂಬ ಎರಡು ಕಾಲಮ್ ಮಾಡಬೇಕು. ಮೂರು ಮೈಗ್ರೇಷನ್ ಬರೆದಿದ್ದೀರಿ: 0005 ಹೊಸ ಕಾಲಮ್‌ಗಳನ್ನು ಸೇರಿಸುತ್ತದೆ, 0006 ಹಳೆಯ ವಿಳಾಸವನ್ನು ಒಡೆದು ಅವುಗಳಿಗೆ ತುಂಬುತ್ತದೆ, 0007 ಅಡ್ರೆಸ್ ಕಾಲಮ್ ಅನ್ನು ಅಳಿಸುತ್ತದೆ. ಈಗ ಏನೋ ಎಡವಟ್ಟಾಗಿದೆ, 0004ರ ಸ್ಥಿತಿಗೆ ಮರಳಬೇಕು.

ಹೆಜ್ಜೆ 1: ಎಲ್ಲಿದ್ದೀರಿ ಎಂದು ನೋಡಿ

ಪೈಥಾನ್ ಮ್ಯಾನೇಜ್.ಪಿವೈ ಶೋಮೈಗ್ರೇಷನ್ಸ್ ಕಸ್ಟಮರ್ಸ್

ಗುಣಾಕಾರದ ಗುರುತು ಇದ್ದವು ನಡೆದಿವೆ, ಖಾಲಿ ಚೌಕದವು ನಡೆದಿಲ್ಲ. ಈ ಪಟ್ಟಿ ಬರುವುದು ಡೇಟಾಬೇಸ್‌ನೊಳಗಿನ ಜಾಂಗೋ_ಮೈಗ್ರೇಷನ್ಸ್ ಟೇಬಲ್‌ನಿಂದ. ಆ್ಯಪ್ ಹೆಸರು, ಮೈಗ್ರೇಷನ್ ಹೆಸರು, ನಡೆದ ಸಮಯ ಇಷ್ಟೇ ಅದರಲ್ಲಿರುವುದು. ಅದೊಂದು ಹಾಜರಿ ಪುಸ್ತಕ. ನಿಜವಾದ ಟೇಬಲ್‌ಗಳಲ್ಲಿ ಏನಿದೆ ಎಂದು ಜಾಂಗೋ ಹೋಗಿ ನೋಡುವುದಿಲ್ಲ, ಹಾಜರಿಯನ್ನೇ ನಂಬುತ್ತದೆ. ಯಾರಾದರೂ ಕೈಯಾರೆ ಕಾಲಮ್ ಬದಲಿಸಿದ್ದರೆ ಪುಸ್ತಕಕ್ಕೂ ವಾಸ್ತವಕ್ಕೂ ಹೊಂದುವುದಿಲ್ಲ. ಅನುಮಾನ ಇದ್ದರೆ ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನವಾದ ಪಿಎಸ್‌ಕ್ಯೂಎಲ್‌ಗೆ ಹೋಗಿ ಟೇಬಲ್‌ನ ವಿವರವನ್ನು ಕಣ್ಣಾರೆ ನೋಡಿ.

ಹೆಜ್ಜೆ 2: ಯೋಜನೆ ತೆಗೆದು ಓದಿ

ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್ ಕಸ್ಟಮರ್ಸ್ 0004 --ಪ್ಲಾನ್

ಹೊಸಬರು ಎಡವುವುದು ಆ ಸಂಖ್ಯೆಯಲ್ಲಿ. ಕೊಡಬೇಕಾದದ್ದು ತೆಗೆಯಬೇಕಾದ ಮೈಗ್ರೇಷನ್‌ನ ಸಂಖ್ಯೆಯಲ್ಲ, ಕೊನೆಯದಾಗಿ ಉಳಿಯಬೇಕಾದದ್ದರ ಸಂಖ್ಯೆ. 0005 ತೆಗೆಯಬೇಕಿದ್ದರೆ 0004 ಎಂದು ಬರೆಯಬೇಕು. ಬೇರೆ ಫ್ರೇಮ್‌ವರ್ಕ್‌ಗಳಲ್ಲಿ ಹೀಗಿಲ್ಲ: ರೈಲ್ಸ್‌ನಲ್ಲಿ ಎಷ್ಟು ಹೆಜ್ಜೆ ಹಿಂದಕ್ಕೆ ಎಂದು ಹೇಳಬಹುದು, ಲಾರಾವೆಲ್ ಕೊನೆಯ ಬ್ಯಾಚ್ ಅನ್ನು ಪೂರ್ತಿ ತೆಗೆಯುತ್ತದೆ. ಜಾಂಗೋದಲ್ಲಿ ಗುರಿಯ ಹೆಸರನ್ನೇ ಹೇಳಬೇಕು. ಸಂಖ್ಯೆಯ ಜಾಗದಲ್ಲಿ ಝೀರೋ ಎಂಬ ಪದ ಕೊಟ್ಟರೆ ಆ ಆ್ಯಪ್‌ನ ಎಲ್ಲ ಮೈಗ್ರೇಷನ್‌ಗಳೂ ಹೋಗುತ್ತವೆ, ಜೊತೆಗೆ ಟೇಬಲ್‌ಗಳೂ.

ಪ್ಲಾನ್ ಆಯ್ಕೆ ಜಾಂಗೋ 2.2ರಿಂದ ಇದೆ. ಡೇಟಾಬೇಸ್ ಮುಟ್ಟದೆ, ಯಾವ ಯಾವ ಕೆಲಸ ಯಾವ ಕ್ರಮದಲ್ಲಿ ರದ್ದಾಗಲಿದೆ ಎಂದು ತೋರಿಸುತ್ತದೆ. ಅದರಲ್ಲಿ ಎರಡು ವಿಷಯ ಹುಡುಕಿ.

ಒಂದು, ಬೇರೆ ಆ್ಯಪ್‌ನ ಹೆಸರು. ಆರ್ಡರ್ಸ್ ಆ್ಯಪ್‌ನ 0003 ನಿಮ್ಮ 0005ರ ಮೇಲೆ ಅವಲಂಬಿಸಿದ್ದರೆ, 0005ಕ್ಕಿಂತ ಮೊದಲು ಆರ್ಡರ್ಸ್‌ನ 0003 ಮತ್ತು ಅದರ ನಂತರದವೂ ರದ್ದಾಗುತ್ತವೆ. ನೀವು ಗ್ರಾಹಕರ ವಿಳಾಸ ಸರಿಮಾಡಲು ಹೋಗಿ ಆರ್ಡರ್ ಟೇಬಲ್‌ನ ಕಾಲಮ್ ಕಳೆದುಕೊಳ್ಳಬಹುದು. ಜಾಂಗೋ ಇದಕ್ಕೆ ಅನುಮತಿಯನ್ನೇನೂ ಕೇಳುವುದಿಲ್ಲ. ಕಂಟೆಂಟ್‌ಟೈಪ್ಸ್ ಅಥವಾ ಆಥ್ ಆ್ಯಪ್‌ಗೆ ಝೀರೋ ಕೊಡುವುದು ಅಪಾಯ ಎನ್ನುವುದು ಇದೇ ಕಾರಣಕ್ಕೆ. ಅವುಗಳ ಮೇಲೆ ಸಾಮಾನ್ಯವಾಗಿ ಇಡೀ ಪ್ರಾಜೆಕ್ಟ್ ನಿಂತಿರುತ್ತದೆ.

ಎರಡು, ಇರ್‌ರಿವರ್ಸಿಬಲ್ (ಹಿಂದಕ್ಕೆ ತರಲಾಗದ್ದು) ಎಂಬ ಪದ. ಮೈಗ್ರೇಷನ್‌ನೊಳಗೆ ನಾವೇ ಬರೆದ ಕೋಡ್ ಓಡಿಸುವ ರನ್‌ಪೈಥಾನ್ ಅಥವಾ ರನ್‌ಎಸ್‌ಕ್ಯೂಎಲ್‌ಗೆ ವಾಪಸಾತಿಯ ಭಾಗ ಬರೆದಿಲ್ಲದಿದ್ದರೆ ಅದು ಇಲ್ಲೇ ಕಾಣುತ್ತದೆ. ಕಡೆಗಣಿಸಿ ಮುಂದುವರಿದರೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ: 0007 ರದ್ದಾಗಿ ಮುಗಿದಿರುತ್ತದೆ, 0006 ಇರ್‌ರಿವರ್ಸಿಬಲ್ ಎರರ್ ಎಸೆದು ನಿಲ್ಲುತ್ತದೆ. ಪ್ರತಿ ಮೈಗ್ರೇಷನ್‌ಗೂ ಅದರದೇ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಪೂರ್ತಿ ರದ್ದಾಗುವ ಕೆಲಸಗಳ ಕಟ್ಟು) ಇರುವುದರಿಂದ, ಆಗಲೇ ಮುಗಿದ 0007ರ ರದ್ದತಿ ಹಾಗೇ ಉಳಿಯುತ್ತದೆ.

ಹೆಜ್ಜೆ 3: ಓಡಲಿರುವ ಎಸ್‌ಕ್ಯೂಎಲ್ ನೋಡಿ

ಪೈಥಾನ್ ಮ್ಯಾನೇಜ್.ಪಿವೈ ಎಸ್‌ಕ್ಯೂಎಲ್‌ಮೈಗ್ರೇಟ್ ಕಸ್ಟಮರ್ಸ್ 0007 --ಬ್ಯಾಕ್‌ವರ್ಡ್ಸ್

ಇಲ್ಲಿ ಮಾತ್ರ ತೆಗೆಯಬೇಕಾದದ್ದರ ಸಂಖ್ಯೆಯನ್ನೇ ಕೊಡಬೇಕು. ಹಿಂದಿನ ಕಮಾಂಡ್‌ಗಿಂತ ಉಲ್ಟಾ, ಗಮನವಿರಲಿ. ಬರುವ ಉತ್ತರದಲ್ಲಿ ಡ್ರಾಪ್ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಂತು, ಆ ಕಾಲಮ್‌ನಲ್ಲಿ ಈಗ ಏನಿದೆ ಎಂದು ಕೇಳಿಕೊಳ್ಳಿ. ರನ್‌ಪೈಥಾನ್ ಮಾಡುವ ಕೆಲಸವನ್ನು ಈ ಕಮಾಂಡ್ ತೋರಿಸಲಾರದು. ಅದಕ್ಕೆ ಫೈಲ್ ತೆರೆದು ಓದುವುದೇ ದಾರಿ.

ಮುಂದಕ್ಕೆ ಸಲೀಸಾಗಿ ಹೋದದ್ದು ಹಿಂದಕ್ಕೆ ಬರುವಾಗ ಮುರಿದುಬೀಳುವ ಸಂದರ್ಭಗಳು ಹೆಚ್ಚಾಗಿ ಒಂದೇ ಜಾತಿಯವು: ಮುಂದಕ್ಕೆ ಹೋದದ್ದು ನಿಯಮ ಸಡಿಲಿಸಲು, ಹಿಂದಕ್ಕೆ ಬರುವುದು ಬಿಗಿಗೊಳಿಸಲು. ನಡುವಿನ ದಿನಗಳಲ್ಲಿ ಸಡಿಲ ನಿಯಮದ ಡೇಟಾ ಒಳಗೆ ಬಂದು ಕೂತಿರುತ್ತದೆ. ಪಠ್ಯ ಇಡುವ ಚಾರ್‌ಫೀಲ್ಡ್‌ನ ಉದ್ದವನ್ನು 50ರಿಂದ 100ಕ್ಕೆ ಏರಿಸಿದ್ದರೆ, ಈಗ 73 ಅಕ್ಷರದ ಒಂದು ಹೆಸರು ಬಂದಿದ್ದರೂ ಪೋಸ್ಟ್‌ಗ್ರೆಸ್ ಮೌಲ್ಯ ತೀರಾ ಉದ್ದ ಎಂದು ನಿರಾಕರಿಸುತ್ತದೆ. ಯೂನಿಕ್ ನಿಯಮ ತೆಗೆದಿದ್ದರೆ, ಈಗ ಎರಡು ಒಂದೇ ಬಗೆಯ ಸಾಲುಗಳಿದ್ದರೆ ಸಾಕು. ನಲ್‌ಗೆ (ಮೌಲ್ಯವೇ ಇಲ್ಲದ ಸ್ಥಿತಿಗೆ) ಅವಕಾಶ ಕೊಟ್ಟಿದ್ದರೆ ಒಂದೇ ಒಂದು ನಲ್ ಸಾಕು. ಇಂಟಿಜರ್ ಅನ್ನು ಬಿಗ್ ಇಂಟಿಜರ್ ಮಾಡಿದ್ದರೆ 214 ಕೋಟಿ ಚಿಲ್ಲರೆಯ ಮಿತಿ ದಾಟಿದ ಮೊದಲ ಐಡಿಯೇ ಅಡ್ಡ ನಿಲ್ಲುತ್ತದೆ. ಇಂಥವನ್ನು ರದ್ದತಿಗೆ ಮುಂಚೆಯೇ ಸೆಲೆಕ್ಟ್ ಬರೆದು ಎಣಿಸಿ. ಸೊನ್ನೆ ಬಂದರೆ ಮುಂದುವರಿಯಿರಿ. ಬರದಿದ್ದರೆ ಆ ಸಾಲುಗಳನ್ನು ಏನು ಮಾಡಬೇಕೆಂದು ತೀರ್ಮಾನಿಸಬೇಕಾದವರು ಆ ಡೇಟಾದ ಒಡೆಯರು. ಡೆವಲಪರ್ ಒಬ್ಬರೇ ಕೂತು ಕತ್ತರಿಸುವ ವಿಷಯವಲ್ಲ ಅದು.

ಹೆಜ್ಜೆ 4: ಕಳೆದುಹೋಗುವುದನ್ನು ಮೊದಲು ಪಕ್ಕಕ್ಕಿಡಿ

ಪಿಜಿ_ಡಂಪ್‌ನಿಂದ ಪೂರ್ತಿ ಬ್ಯಾಕಪ್ ತೆಗೆಯಿರಿ, ಕಸ್ಟಮ್ ಫಾರ್ಮ್ಯಾಟ್‌ನಲ್ಲಿ. ಬೇಕಾದ ಒಂದೇ ಟೇಬಲ್ ಅನ್ನು ಆಮೇಲೆ ಹೊರತೆಗೆಯಬಹುದು. ಆದರೆ ಬ್ಯಾಕಪ್ ಕೊನೆಯ ಆಸರೆ ಮಾತ್ರ. ಅದನ್ನು ಪೂರ್ತಿ ರಿಸ್ಟೋರ್ ಮಾಡಿದರೆ ಬ್ಯಾಕಪ್ ನಂತರ ಬಂದ ಪ್ರತಿಯೊಂದು ಆರ್ಡರ್, ಪ್ರತಿಯೊಂದು ಪಾವತಿ ಮಾಯ. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುತ್ತಿರುವ ನಿಜವಾದ ಸೈಟ್‌ನಲ್ಲಿ, ಅಂಥ ಬೆಲೆ ತೆರಲು ಯಾರೂ ತಯಾರಿರುವುದಿಲ್ಲ.

ಹೆಚ್ಚು ಉಪಯೋಗಕ್ಕೆ ಬರುವುದು ಪಕ್ಕದ ಟೇಬಲ್. ನಮ್ಮ ರದ್ದತಿಯಲ್ಲಿ ಸ್ಟ್ರೀಟ್, ಪಿನ್‌ಕೋಡ್ ಕಾಲಮ್‌ಗಳು ಅಳಿದುಹೋಗುತ್ತವೆ. ಅದಕ್ಕೆ ಮೊದಲು ಕ್ರಿಯೇಟ್ ಟೇಬಲ್ ಆ್ಯಸ್ ಸೆಲೆಕ್ಟ್ ಬಳಸಿ ಐಡಿ, ಸ್ಟ್ರೀಟ್, ಪಿನ್‌ಕೋಡ್ ಮೂರನ್ನೇ ಹೊಸ ಟೇಬಲ್‌ಗೆ ನಕಲು ಮಾಡಿ. ಐಡಿ ಇದ್ದರೆ ಯಾವಾಗ ಬೇಕಾದರೂ ಜೋಡಿಸಿಕೊಳ್ಳಬಹುದು. ಮುಂದಕ್ಕೆ ಹೋಗುವಾಗಲೂ ಇದೇ ಕ್ರಮ: 0007 ಅಡ್ರೆಸ್ ಅಳಿಸುವ ಮುನ್ನ ಐಡಿ ಮತ್ತು ಅಡ್ರೆಸ್‌ನ ನಕಲು ಇಟ್ಟಿದ್ದರೆ ಇವತ್ತಿನ ಕೆಲಸ ಅರ್ಧ ಹಗುರ.

ಹೆಜ್ಜೆ 5: ವಾಪಸಾತಿಯ ಫಂಕ್ಷನ್ ಬರೆಯಿರಿ

ರನ್‌ಪೈಥಾನ್‌ಗೆ ಎರಡು ಫಂಕ್ಷನ್ ಕೊಡಬಹುದು, ಹೋಗಲು ಒಂದು, ಬರಲು ಒಂದು. ಬರುವುದನ್ನು ಬರೆಯದಿದ್ದರೆ ಇರ್‌ರಿವರ್ಸಿಬಲ್. ಆ ಎರರ್ ತಪ್ಪಿಸಲು ಬಹಳಷ್ಟು ಜನ ನೂಪ್ (ಏನೂ ಮಾಡದ ಫಂಕ್ಷನ್) ಹಾಕಿ ಕೈತೊಳೆದುಕೊಳ್ಳುತ್ತಾರೆ. ಹೊಸ ಕಾಲಮ್‌ಗೆ ಡೇಟಾ ತುಂಬುವುದಷ್ಟೇ ಆಗಿದ್ದರೆ, ಕಾಲಮ್ಮೇ ಹೋಗುವುದರಿಂದ ನೂಪ್ ನ್ಯಾಯವೇ. ಆದರೆ ಹಳೆಯ ಕಾಲಮ್ ಮುಂದೆ ಅಳಿಯಲಿದೆ ಎಂದಾದರೆ ನೂಪ್ ಎಂದರೆ ಖಾಲಿ ವಿಳಾಸ. ಎರರ್ ಬರುವುದಿಲ್ಲ, ಕಮಾಂಡ್ ಓಕೆ ಎನ್ನುತ್ತದೆ, ಮರುದಿನ ಪಾರ್ಸೆಲ್‌ಗಳ ಮೇಲೆ ವಿಳಾಸ ಇರುವುದಿಲ್ಲ. ನನ್ನ ಮಟ್ಟಿಗೆ ಇರ್‌ರಿವರ್ಸಿಬಲ್ ಎರರ್ ಇದಕ್ಕಿಂತ ಎಷ್ಟೋ ಪ್ರಾಮಾಣಿಕ.

ನಮ್ಮ 0006ರ ವಾಪಸಾತಿ ಫಂಕ್ಷನ್ ಹೀಗಿರಬೇಕು. ಮಾಡೆಲ್ ಅನ್ನು ಮಾಡೆಲ್ಸ್ ಫೈಲ್‌ನಿಂದ ಇಂಪೋರ್ಟ್ ಮಾಡದೆ ಆ್ಯಪ್ಸ್.ಗೆಟ್_ಮಾಡೆಲ್ ಮೂಲಕ ಪಡೆಯಿರಿ. ಆಗ ಅಡ್ರೆಸ್, ಸ್ಟ್ರೀಟ್, ಪಿನ್‌ಕೋಡ್ ಮೂರೂ ಇರುವ ಆ ಕಾಲದ ಮಾಡೆಲ್ ಸಿಗುತ್ತದೆ. ನೀವು ಬರೆದ ಸೇವ್ ಮೆಥಡ್ ಅದರಲ್ಲಿ ಇರುವುದಿಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಅಡ್ರೆಸ್ ನಲ್ ಇರುವ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿ, ಇಟರೇಟರ್‌ನಿಂದ 2000ದಂತೆ ಓದಿ, ಬಲ್ಕ್_ಅಪ್‌ಡೇಟ್‌ನಿಂದ 1000ದಂತೆ ಬರೆಯಿರಿ. ನಲ್ ಫಿಲ್ಟರ್ ಇದ್ದರೆ ಅರ್ಧದಲ್ಲಿ ನಿಂತರೂ ಮತ್ತೆ ಓಡಿಸಬಹುದು. ಲಕ್ಷಗಟ್ಟಲೆ ಸಾಲುಗಳಿರುವ ಟೇಬಲ್ ಆದರೆ ಮೈಗ್ರೇಷನ್ ಕ್ಲಾಸ್‌ನಲ್ಲಿ ಅಟಾಮಿಕ್ ಅನ್ನು (ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡಿಸುವ ಆಯ್ಕೆ) ಫಾಲ್ಸ್ ಮಾಡಿ, ಇಲ್ಲದಿದ್ದರೆ ಮುಗಿಯುವವರೆಗೂ ಆ ಸಾಲುಗಳ ಲಾಕ್ ಬಿಡುಗಡೆಯಾಗುವುದಿಲ್ಲ.

ಸ್ಟ್ರೀಟ್ ಮತ್ತು ಪಿನ್‌ಕೋಡ್ ಜೋಡಿಸಿದರೆ ಹಳೆಯ ವಿಳಾಸ ಯಥಾವತ್ತಾಗಿ ಬರುವುದಿಲ್ಲ, ಅಲ್ಪವಿರಾಮ, ಸ್ಪೇಸ್ ಎಲ್ಲೋ ಬದಲಾಗಿರುತ್ತದೆ. ಹಳೆಯ ನಕಲು ಪಕ್ಕದ ಟೇಬಲ್‌ನಲ್ಲಿದ್ದರೆ, ಆಮೇಲೆ ವಿಳಾಸ ಬದಲಿಸದ ಗ್ರಾಹಕರಿಗೆ ಅದನ್ನೇ ಹಾಕಿ. ಬದಲಿಸಿದವರಿಗೆ, ಹೊಸದಾಗಿ ಸೇರಿದವರಿಗೆ ಮಾತ್ರ ಜೋಡಿಸಿದ್ದನ್ನು ಹಾಕಿ.

ನಲ್ ಅನುಮತಿ ಎಲ್ಲಿ ಕೊಡಬೇಕು

ಸೂಕ್ಷ್ಮವಾದರೂ ಬಹಳ ಕಡೆ ಕೆಡುವ ಜಾಗ ಇದು. ಅಡ್ರೆಸ್ ಕಾಲಮ್ ನಾಟ್ ನಲ್ ಆಗಿದ್ದು, ಡಿಫಾಲ್ಟ್ ಇಲ್ಲ ಎನ್ನಿ. 0007ರ ರದ್ದತಿ ಎಂದರೆ ಸಾಲುಗಳಿರುವ ಟೇಬಲ್‌ಗೆ ನಾಟ್ ನಲ್ ಕಾಲಮ್ ಸೇರಿಸುವುದು. ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನ ಖಾಲಿ ಟೇಬಲ್‌ನಲ್ಲಿ ಇದೇ ಕಮಾಂಡ್ ಸಲೀಸಾಗಿ ಓಡಿರುತ್ತದೆ, ಅದೇ ಮೋಸ.

ಪರಿಹಾರ, ಅಳಿಸುವ ಮುನ್ನ ಅಡ್ರೆಸ್‌ಗೆ ನಲ್ ಅನುಮತಿ ಕೊಡುವುದು. ಆದರೆ ಎಲ್ಲಿ? ಡೇಟಾ ತುಂಬುವ 0006ರ ನಂತರ ಕೊಟ್ಟರೆ, ಹಿಂದಕ್ಕೆ ಬರುವಾಗ ನಾಟ್ ನಲ್ ನಿಯಮ 0006 ವಿಳಾಸ ತುಂಬುವ ಮೊದಲೇ ಬಂದು ಕೂರುತ್ತದೆ, ಮತ್ತೆ ಎರರ್. ಹಾಗಾಗಿ 0006ಕ್ಕಿಂತ ಮೊದಲು, ಅಂದರೆ 0005ರಲ್ಲೇ ಕೊಡಿ. ಆಗ ಬರುವ ದಾರಿ ಸರಿಯಾಗುತ್ತದೆ: 0007 ನಲ್ ಕಾಲಮ್ ಸೃಷ್ಟಿಸುತ್ತದೆ, 0006 ತುಂಬುತ್ತದೆ, 0005 ನಾಟ್ ನಲ್ ಮಾಡುತ್ತದೆ.

0005ರ ಒಳಗೂ ಕ್ರಮ ಮುಖ್ಯ. ಹಿಂದಕ್ಕೆ ಬರುವಾಗ ಕೊನೆಯ ಕೆಲಸ ಮೊದಲು ರದ್ದಾಗುತ್ತದೆ. ಆ್ಯಡ್‌ಫೀಲ್ಡ್‌ಗಳನ್ನು ಮೇಲೆ, ನಲ್ ಅನುಮತಿಯ ಆಲ್ಟರ್‌ಫೀಲ್ಡ್ ಅನ್ನು ಕೆಳಗೆ ಬರೆದರೆ, ಸೋಲುವ ಸಾಧ್ಯತೆಯಿರುವ ನಾಟ್ ನಲ್ ಪರೀಕ್ಷೆ ಮೊದಲು ನಡೆಯುತ್ತದೆ, ಹೊಸ ಕಾಲಮ್‌ಗಳ ಅಳಿಸುವಿಕೆ ಆಮೇಲೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಮೈಗ್ರೇಷನ್ ಒಂದು ಟ್ರಾನ್ಸಾಕ್ಷನ್ ಆದ್ದರಿಂದ ಕ್ರಮ ತಪ್ಪಿದರೂ ನಷ್ಟವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಆಲ್ಟರ್ ಟೇಬಲ್ ಕೂಡಲೇ ಕಮಿಟ್ ಆಗುತ್ತದೆ. ಪಿನ್‌ಕೋಡ್ ಅಳಿದ ಮೇಲೆ ನಾಟ್ ನಲ್ ಸೋತರೆ ಪಿನ್‌ಕೋಡ್ ವಾಪಸ್ ಬರುವುದಿಲ್ಲ.

ಹೆಜ್ಜೆ 6: ಕೋಡ್ ಮೊದಲೋ, ಡೇಟಾಬೇಸ್ ಮೊದಲೋ

ಕಾಲಮ್ ಸೇರಿಸಿದ್ದನ್ನು ರದ್ದು ಮಾಡುವುದಾದರೆ ಮೊದಲು ವೆಬ್ ಸರ್ವರ್‌ಗಳಲ್ಲಿ ಹಳೆಯ ಕೋಡ್ ಕೂರಿಸಿ, ಆಮೇಲೆ ಡೇಟಾಬೇಸ್ ಮುಟ್ಟಿ. ಉಲ್ಟಾ ಮಾಡಿದರೆ ಹೊಸ ಕೋಡ್ ಇಲ್ಲದ ಕಾಲಮ್ ಅನ್ನು ಕೇಳಿ ಪ್ರತಿ ಪುಟದಲ್ಲೂ ಬೀಳುತ್ತದೆ. ಕಾಲಮ್ ಅಳಿಸಿದ್ದನ್ನು ರದ್ದು ಮಾಡುವುದಾದರೆ ಡೇಟಾಬೇಸ್ ಮೊದಲು, ಹಳೆಯ ಕೋಡ್ ಆಮೇಲೆ. ನಮ್ಮ ಉದಾಹರಣೆಯಲ್ಲಿ ಎರಡೂ ಇವೆ, ಯಾವ ಕ್ರಮವೂ ಪೂರ್ತಿ ಹೊಂದುವುದಿಲ್ಲ. ಸೈಟ್ ಅನ್ನು ಸ್ವಲ್ಪ ಹೊತ್ತು ನಿರ್ವಹಣೆಯ ಪುಟಕ್ಕೆ ಹಾಕುವುದೊಂದು ದಾರಿ. ಮೊದಲೇ 0007 ಅನ್ನು ಬೇರೆ ಬಿಡುಗಡೆಗೆ ಮುಂದೂಡಿದ್ದರೆ ಇದು ಬೇಕಾಗುತ್ತಿರಲಿಲ್ಲ.

ಇನ್ನೊಂದು ತೊಡಕು. ರದ್ದು ಮಾಡಲು ಆ ಮೈಗ್ರೇಷನ್ ಫೈಲ್‌ಗಳು ಡಿಸ್ಕ್‌ನಲ್ಲಿ ಇರಲೇಬೇಕು, ಹಳೆಯ ಕೋಡ್‌ನಲ್ಲಿ ಅವು ಇರುವುದಿಲ್ಲ. ಅದಕ್ಕೆ ಮೈಗ್ರೇಟ್ ಕಮಾಂಡ್ ಅನ್ನು ಹೊಸ ಕೋಡ್ ಇರುವ ಪ್ರತ್ಯೇಕ ಕಂಟೇನರ್‌ನಿಂದ ಓಡಿಸಿ. ಲ್ಯಾಪ್‌ಟಾಪ್‌ನಲ್ಲೂ ಗಿಟ್ ಬ್ರಾಂಚ್ ಬದಲಿಸುವ ಮುನ್ನವೇ ಹಿಂದಕ್ಕೆ ಬನ್ನಿ. ಬದಲಿಸಿಬಿಟ್ಟಿದ್ದರೆ ಆ ಬ್ರಾಂಚ್‌ಗೆ ಮರಳಿ, ರದ್ದು ಮಾಡಿ, ಮತ್ತೆ ಬನ್ನಿ. ಫೈಲ್ ಇಲ್ಲದ ದಾಖಲೆಯನ್ನು ಜಾಂಗೋ ಸುಮ್ಮನೆ ಕಡೆಗಣಿಸುತ್ತದೆ. ಮುಂದೊಂದು ದಿನ ಅದೇ ಕಾಲಮ್ ಸೇರಿಸಲು ಹೋದಾಗ ಕಾಲಮ್ ಈಗಾಗಲೇ ಇದೆ ಎಂಬ ಎರರ್ ಬಂದು ತಲೆ ಕೆಡಿಸಿಕೊಳ್ಳುತ್ತೀರಿ.

ಹೆಜ್ಜೆ 7: ಓಡಿಸಿ, ಲಾಕ್ ಕಡೆ ಕಣ್ಣಿಟ್ಟು

ಪೋಸ್ಟ್‌ಗ್ರೆಸ್‌ನಲ್ಲಿ ಕಾಲಮ್ ಅಳಿಸುವುದು ಕ್ಷಣದ ಕೆಲಸ, ಆದರೆ ಅದಕ್ಕೆ ಟೇಬಲ್‌ನ ಪೂರ್ಣ ಲಾಕ್ ಬೇಕು. ಯಾವುದೋ ರಿಪೋರ್ಟ್ ಅದೇ ಟೇಬಲ್ ಅನ್ನು ಹತ್ತು ನಿಮಿಷದಿಂದ ಓದುತ್ತಿದ್ದರೆ ನಿಮ್ಮ ಆಲ್ಟರ್ ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ, ಆಮೇಲೆ ಬಂದ ಸಾಧಾರಣ ಸೆಲೆಕ್ಟ್‌ಗಳೆಲ್ಲ ನಿಮ್ಮ ಹಿಂದೆ ನಿಲ್ಲುತ್ತವೆ. ಸೈಟ್ ಸತ್ತಂತೆ ಕಾಣುತ್ತದೆ. ಪಿಜಿಆಪ್ಷನ್ಸ್ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಲಾಕ್_ಟೈಮ್‌ಔಟ್ ಅನ್ನು 3 ಸೆಕೆಂಡ್‌ಗೆ ಇಟ್ಟು ಮೈಗ್ರೇಟ್ ಓಡಿಸಿ. ಲಾಕ್ ಸಿಗದಿದ್ದರೆ ಅದು ತಾನೇ ಸೋತು ಜಾಗ ಬಿಡುತ್ತದೆ. ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ ಯಾರು ಹಿಡಿದಿದ್ದಾರೆ ಎಂದು ನೋಡಿ ಮತ್ತೆ ಪ್ರಯತ್ನಿಸಿ.

ಮೈಎಸ್‌ಕ್ಯೂಎಲ್‌ನಲ್ಲಿ ಮಧ್ಯದಲ್ಲಿ ನಿಂತರೆ, ಶೋ ಕ್ರಿಯೇಟ್ ಟೇಬಲ್‌ನ ಉತ್ತರವನ್ನು ಹೆಜ್ಜೆ 3ರ ಎಸ್‌ಕ್ಯೂಎಲ್ ಪಕ್ಕದಲ್ಲಿಟ್ಟು ಯಾವ ಸಾಲಿನವರೆಗೆ ಮುಗಿದಿದೆ ಎಂದು ಗುರುತಿಸಿ, ಉಳಿದದ್ದನ್ನು ಕೈಯಾರೆ ಓಡಿಸಿ. ನಂತರ ಅದೇ ಮೈಗ್ರೇಟ್ ಕಮಾಂಡ್‌ಗೆ --ಫೇಕ್ ಸೇರಿಸಿ ಹಾಜರಿ ಪುಸ್ತಕ ತಿದ್ದಿ. ಫೇಕ್‌ಗೆ ಇರುವ ನ್ಯಾಯವಾದ ಬಳಕೆ ಇಂಥದ್ದೇ. ಎರರ್ ಮುಚ್ಚಿಹಾಕಲು ಬಳಸಿದರೆ ಟೇಬಲ್ ಒಂದು ಕಡೆ, ದಾಖಲೆ ಇನ್ನೊಂದು ಕಡೆ.

ಮರ್ಜ್ ಮೈಗ್ರೇಷನ್ ಇದ್ದರೆ

ಇಬ್ಬರು ಒಟ್ಟಿಗೆ 0005 ಬರೆದು, ಆಮೇಲೆ 0006 ಮರ್ಜ್ ಮಾಡಿದ್ದಾರೆ ಎನ್ನಿ. ಒಂದು 0005ರ ಪೂರ್ತಿ ಹೆಸರು ಕೊಟ್ಟು ಹಿಂದಕ್ಕೆ ಹೋದರೆ 0006 ಮಾತ್ರ ರದ್ದಾಗುತ್ತದೆ, ಇನ್ನೊಂದು 0005 ಹಾಗೇ ಉಳಿಯುತ್ತದೆ. ಎರಡೂ ಹೋಗಬೇಕಿದ್ದರೆ ಗುರಿ 0004 ಆಗಬೇಕು. ಬರೀ 0005 ಎಂದರೆ ಯಾವುದು ಎಂದು ಜಾಂಗೋಗೆ ತಿಳಿಯದೆ ಎರರ್ ಕೊಡುತ್ತದೆ.

ಹೆಜ್ಜೆ 8: ಮತ್ತೆ ತಾನೇ ಓಡದಂತೆ ತಡೆಯಿರಿ

ಡಿಪ್ಲಾಯ್ ಸ್ಕ್ರಿಪ್ಟ್‌ಗಳಲ್ಲಿ ಮೈಗ್ರೇಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೀವು ರಾತ್ರಿ ಕಷ್ಟಪಟ್ಟು ತೆಗೆದ 0005ರಿಂದ 0007, ಬೆಳಿಗ್ಗೆ ಯಾರೋ ಬಟನ್ ಬಣ್ಣ ಬದಲಿಸಿ ಡಿಪ್ಲಾಯ್ ಮಾಡಿದಾಗ ಮತ್ತೆ ಓಡುತ್ತವೆ. ಗಿಟ್‌ನಲ್ಲಿ ರಿವರ್ಟ್ ಕಮಿಟ್ ಸೇರುವವರೆಗೂ ಡಿಪ್ಲಾಯ್ ತಡೆಹಿಡಿಯಿರಿ. ಫೈಲ್ ಅಳಿಸುವುದು ಪ್ರೊಡಕ್ಷನ್, ಸ್ಟೇಜಿಂಗ್, ತಂಡದವರ ಲ್ಯಾಪ್‌ಟಾಪ್ ಎಲ್ಲ ಕಡೆ ರದ್ದಾದ ಮೇಲೆ.

ಮುಗಿದ ನಂತರ ಶೋಮೈಗ್ರೇಷನ್ಸ್ ನೋಡಿ. ಹಳೆಯ ಕೋಡ್‌ನಿಂದ ಮೇಕ್‌ಮೈಗ್ರೇಷನ್ಸ್ --ಚೆಕ್ ಓಡಿಸಿ. ಮಾಡೆಲ್‌ಗೂ ಮೈಗ್ರೇಷನ್ ಫೈಲ್‌ಗಳಿಗೂ ವ್ಯತ್ಯಾಸ ಇದ್ದರೆ ಅದು ಸೊನ್ನೆಯಲ್ಲದ ಕೋಡ್‌ನೊಂದಿಗೆ ಹೊರಬರುತ್ತದೆ. ಒಟ್ಟು ಸಾಲುಗಳು, ಖಾಲಿ ವಿಳಾಸಗಳು ಎಷ್ಟು ಎಂದು ಎಣಿಸಿ. ರದ್ದಾದದ್ದರಲ್ಲಿ ಹೊಸ ಮಾಡೆಲ್ ಇದ್ದಿದ್ದರೆ ಅದರ ಕಂಟೆಂಟ್ ಟೈಪ್ ಮತ್ತು ಪರ್ಮಿಷನ್ ಸಾಲುಗಳು ಟೇಬಲ್ ಹೋದ ಮೇಲೂ ಉಳಿದಿರುತ್ತವೆ. ರಿಮೂವ್_ಸ್ಟೇಲ್_ಕಂಟೆಂಟ್‌ಟೈಪ್ಸ್ ಕಮಾಂಡ್ ಅವನ್ನು ತೋರಿಸಿ, ಕೇಳಿ, ಅಳಿಸುತ್ತದೆ.

ರದ್ದು ಮಾಡದೆಯೇ ಹಿಂದಕ್ಕೆ

ಪ್ರೊಡಕ್ಷನ್‌ನಲ್ಲಿ ಬಹಳಷ್ಟು ಸಲ ಡೇಟಾಬೇಸ್ ಮುಟ್ಟದಿರುವುದೇ ಜಾಣತನ. ಹಳೆಯ ಕೋಡ್ ಕೂರಿಸಿ, ಹೊಸ ಕಾಲಮ್ ಸುಮ್ಮನೆ ಬಿದ್ದಿರಲಿ ಎಂದು ಬಿಡಿ. ಇದು ಸಾಧ್ಯವೋ ಇಲ್ಲವೋ ಎಂಬುದು ಆ ಕಾಲಮ್ ನಲ್ ಒಪ್ಪುತ್ತದೆಯೇ ಎಂಬುದರ ಮೇಲೆ ನಿಂತಿದೆ. ಜಾಂಗೋದ ಡಿಫಾಲ್ಟ್ ಪೈಥಾನ್ ಕಡೆಯದು. ಕಾಲಮ್ ಸೇರಿಸಿದ ಕೂಡಲೇ ಡೇಟಾಬೇಸ್‌ನಲ್ಲಿನ ಡಿಫಾಲ್ಟ್ ಅನ್ನು ಅದು ತೆಗೆದುಬಿಡುತ್ತದೆ. ಹಾಗಾಗಿ ಹೊಸ ಕಾಲಮ್ ನಾಟ್ ನಲ್ ಆಗಿದ್ದರೆ ಅದರ ಅರಿವಿಲ್ಲದ ಹಳೆಯ ಕೋಡ್ ಹೊಸ ಸಾಲು ಸೇರಿಸಲು ಹೋದಾಗಲೆಲ್ಲ ಎರರ್. ಜಾಂಗೋ 5.0ರಲ್ಲಿ ಬಂದ ಡಿಬಿ_ಡಿಫಾಲ್ಟ್ ಈ ಕೊರತೆ ನೀಗಿಸಿದೆ, ಅದು ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ಹೊಸ ಕಾಲಮ್‌ಗೆ ನಲ್ ಇಲ್ಲವೇ ಡಿಬಿ_ಡಿಫಾಲ್ಟ್, ಎರಡರಲ್ಲೊಂದು ಇರಲಿ.

ಅಳಿಸುವುದಕ್ಕೂ ಇದೇ ನಿಧಾನ ಬೇಕು. ಮೊದಲ ಬಿಡುಗಡೆಯಲ್ಲಿ ಕಾಲಮ್‌ಗೆ ನಲ್ ಅನುಮತಿ ಕೊಡಿ, ಸೆಪರೇಟ್‌ಡೇಟಾಬೇಸ್‌ಆ್ಯಂಡ್‌ಸ್ಟೇಟ್ ಬಳಸಿ ಜಾಂಗೋದ ಲೆಕ್ಕದಿಂದ ಮಾತ್ರ ಫೀಲ್ಡ್ ತೆಗೆಯಿರಿ, ಡೇಟಾಬೇಸ್‌ನಲ್ಲಿ ಕಾಲಮ್ ಉಳಿಯಲಿ. ಈ ಮೈಗ್ರೇಷನ್ ಅನ್ನು ವಾಪಸ್ ಪಡೆದರೆ ಫೀಲ್ಡ್ ಡೇಟಾ ಸಮೇತ ಮರಳುತ್ತದೆ, ಏಕೆಂದರೆ ಅದು ಎಲ್ಲೂ ಹೋಗಿರಲೇ ಇಲ್ಲ. ಆಮೇಲೆ ಬಂದ ಸಾಲುಗಳಲ್ಲಿ ಮಾತ್ರ ಅದು ಖಾಲಿ ಇರುತ್ತದೆ. ಹೊಸ ಕೋಡ್ ನೆಲೆಯೂರಿದ ಮೇಲೆ, ಮುಂದಿನ ಬಿಡುಗಡೆಯಲ್ಲಿ ನಿಜವಾದ ಡ್ರಾಪ್.

ಸಿಐನಲ್ಲಿ ಪರೀಕ್ಷೆ

ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲ ತಾನೇ ಪರೀಕ್ಷೆ ಓಡಿಸುವ ವ್ಯವಸ್ಥೆ. ಅಲ್ಲಿ ಪ್ರತಿ ಪುಲ್ ರಿಕ್ವೆಸ್ಟ್‌ಗೂ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಓಡಿಸಿ. ಮೂರನೆಯ ಓಟ ಬೇಕು. ವಾಪಸಾತಿ ಬಿಟ್ಟುಹೋದ ಇಂಡೆಕ್ಸ್, ಟೇಬಲ್‌ಗಳು ಸಿಕ್ಕಿಬೀಳುವುದು ಆಗಲೇ. ಖಾಲಿ ಟೇಬಲ್‌ನ ಪರೀಕ್ಷೆ ಮೋಸ ಮಾಡುತ್ತದೆ ಎಂಬುದನ್ನು ಮೇಲೆ ನೋಡಿದೆವು, ಆದ್ದರಿಂದ ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್ ಒಳಗೆ ಮೈಗ್ರೇಷನ್‌ಎಕ್ಸಿಕ್ಯೂಟರ್ ಬಳಸಿ 0004ಕ್ಕೆ ಹೋಗಿ, ಮೂರು ನಾಲ್ಕು ಗ್ರಾಹಕರನ್ನು ಸೇರಿಸಿ, 0007ಕ್ಕೆ ಬನ್ನಿ, ಅಲ್ಲಿ ಇನ್ನೊಬ್ಬರನ್ನು ಸೇರಿಸಿ, 0004ಕ್ಕೆ ಮರಳಿ ಎಲ್ಲರ ವಿಳಾಸವನ್ನೂ ಪರೀಕ್ಷಿಸಿ. ಪಿನ್‌ಕೋಡ್ ಇಲ್ಲದ ವಿಳಾಸ ಒಂದು ಇರಲಿ, ಅಂಥವು ಪ್ರೊಡಕ್ಷನ್‌ನಲ್ಲಿ ಖಂಡಿತ ಇರುತ್ತವೆ. ಪ್ರತಿ ಮೈಗ್ರೇಟ್ ನಂತರ ಎಕ್ಸಿಕ್ಯೂಟರ್‌ನ ಲೋಡರ್‌ಗೆ ಬಿಲ್ಡ್_ಗ್ರಾಫ್ ಕರೆಯಿರಿ, ಮರೆತರೆ ಅದು ಹಳೆಯ ಸ್ಥಿತಿಯನ್ನೇ ನಂಬಿಕೊಂಡು ತಪ್ಪು ದಾರಿ ಹಿಡಿಯುತ್ತದೆ.

ಪಕ್ಕದ ಟೇಬಲ್‌ಗಳಿಗೆ ಅವುಗಳ ಹೆಸರಿನಲ್ಲೇ ದಿನಾಂಕ ಸೇರಿಸಿಡಿ. ಅವುಗಳಲ್ಲಿ ಗ್ರಾಹಕರ ವಿಳಾಸವಿದೆ, ಗ್ರಾಹಕರು ಖಾತೆ ಅಳಿಸಿದರೂ ಅಲ್ಲಿ ಅದು ಉಳಿದಿರುತ್ತದೆ. ವಿಳಾಸಗಳ ಪರಿಶೀಲನೆ ಮುಗಿದ ಮೇಲೆ ಅವನ್ನು ಅಳಿಸುವ ಕೆಲಸವನ್ನು ಯಾರದಾದರೂ ಹೆಸರಿಗೆ, ಒಂದು ತಾರೀಕಿಗೆ ಒಪ್ಪಿಸಿ.